ಖನಿಜ ಕರಗಿದಾಗ ಮಣ್ಣಿನಲ್ಲಿ ನೀರಿನ ಹರಿವು: ಯಾವ ಮಣ್ಣಿಗೆ ಯಾವ ಮಾದರಿ?

ಮಣ್ಣಿನಲ್ಲಿರುವ ಖನಿಜ ನೀರಿಗೆ ಕರಗಿ ಹೋದರೆ ಅದು ಕೂತಿದ್ದ ಜಾಗ ತೆರವಾಗುತ್ತದೆ. ಜಾಗ ತೆರವಾದಷ್ಟೂ ನೀರು ಸಲೀಸಾಗಿ ಇಳಿಯುತ್ತದೆ, ನೀರು ಇಳಿದಷ್ಟೂ ಇನ್ನಷ್ಟು ಖನಿಜ ಕರಗುತ್ತದೆ. ಒಂದನ್ನೊಂದು ಎಳೆದುಕೊಂಡು ಹೋಗುವ ಈ ಎರಡು ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟವರು, ಅದರಲ್ಲೂ ಮಣ್ಣು ವಿಜ್ಞಾನ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳು, ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಎಂದು. ನಿಜಕ್ಕೂ ಅದು ಮೂರನೆಯ ಪ್ರಶ್ನೆ. ಮೊದಲನೆಯದು, ಕರಗಿದ ಖನಿಜದಿಂದ ಸರಂಧ್ರತೆ (ಮಣ್ಣಿನ ಪರಿಮಾಣದಲ್ಲಿ ಖಾಲಿ ಜಾಗದ ಪಾಲು) ಲೆಕ್ಕಕ್ಕೆ ಸಿಗುವಷ್ಟು ಬದಲಾಗುತ್ತದೆಯೇ ಎನ್ನುವುದು. ಎರಡನೆಯದು, ಸರಂಧ್ರತೆ ಇಷ್ಟು ಬದಲಾದರೆ ಜಲವಾಹಕತೆ (ಮಣ್ಣಿನಲ್ಲಿ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವ ಅಳತೆ) ಎಷ್ಟು ಬದಲಾಗುತ್ತದೆಂದು ಹೇಳುವ ಸಂಬಂಧವನ್ನು ಎಲ್ಲಿಂದ ತರುತ್ತೀರಿ ಎನ್ನುವುದು. ಇವೆರಡಕ್ಕೂ ಉತ್ತರ ಸಿಕ್ಕರೆ ಸಾಫ್ಟ್‌ವೇರ್ ಆಯ್ಕೆ ಹೆಚ್ಚೂಕಡಿಮೆ ಮುಗಿದಂತೆಯೇ.

ಮೊದಲು ಕಾಗದದ ಮೇಲಿನ ಲೆಕ್ಕ

ಒಂದು ಲೀಟರ್ ನೀರು ಎಷ್ಟು ಘನ ಸೆಂಟಿಮೀಟರ್ ಖನಿಜವನ್ನು ಹೊತ್ತೊಯ್ಯಬಲ್ಲದು? ಈ ಒಂದು ಸಂಖ್ಯೆ ತಿಳಿದರೆ ಅರ್ಧ ದಾರಿ ಸವೆದ ಹಾಗೆ. ಅಡುಗೆ ಉಪ್ಪಿನ ಖನಿಜ ಹ್ಯಾಲೈಟ್ ಲೀಟರಿಗೆ ಸುಮಾರು 360 ಗ್ರಾಂ ಕರಗುತ್ತದೆ, ಅಂದರೆ 160 ಘನ ಸೆಂ.ಮೀ.ಗೂ ಹೆಚ್ಚು. ಜಿಪ್ಸಮ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.4 ಗ್ರಾಂ. ಅದರ ಸಾಂದ್ರತೆ 2.32 ಆದ್ದರಿಂದ ಲೀಟರಿಗೆ ಸರಿಸುಮಾರು ಒಂದು ಘನ ಸೆಂ.ಮೀ. ಕ್ಯಾಲ್ಸೈಟ್, ಅಂದರೆ ಎರೆಭೂಮಿಯಲ್ಲಿ ಸುಣ್ಣದ ಗಂಟುಗಳಾಗಿ ಸಿಗುವ ಖನಿಜ, ಮಣ್ಣಿನ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎನ್ನುವುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಬೇರುಗಳು ಉಸಿರಾಡುವ ಮಣ್ಣಿನಲ್ಲಿ ಲೀಟರಿಗೆ 0.2 ಗ್ರಾಂ ಎಂದು ಹಿಡಿದರೆ 0.074 ಘನ ಸೆಂ.ಮೀ. ಬೆಣಚುಕಲ್ಲಿನದಂತೂ ಒಂದು ಘನ ಸೆಂ.ಮೀ.ನ ಸಾವಿರದಲ್ಲಿ ಕೆಲವೇ ಭಾಗ.

ಈಗ ಇದನ್ನು ಹೊಲಕ್ಕೆ ಇಳಿಸೋಣ. ಕ್ಯಾಲ್ಸೈಟ್ ಇರುವ ಒಂದು ಮೀಟರ್ ಆಳದ ಮಣ್ಣಿನ ಮೂಲಕ ವರ್ಷಕ್ಕೆ ಒಂದು ಮೀಟರ್ ನೀರು ಬಸಿದು ಹೋಗುತ್ತದೆ ಎಂದಿಟ್ಟುಕೊಳ್ಳಿ. ಬಯಲುಸೀಮೆಗೆ ಇದು ತೀರ ಉದಾರವಾದ ಅಂದಾಜು. ಚದರ ಮೀಟರಿಗೆ ಸಾವಿರ ಲೀಟರ್ ನೀರು 74 ಘನ ಸೆಂ.ಮೀ ಕ್ಯಾಲ್ಸೈಟನ್ನು ಒಯ್ಯುತ್ತದೆ. ಆ ಮಣ್ಣಿನ ಒಟ್ಟು ಪರಿಮಾಣ ಹತ್ತು ಲಕ್ಷ ಘನ ಸೆಂ.ಮೀ. ನೂರು ವರ್ಷ ಕಳೆದರೂ ಸರಂಧ್ರತೆ ಹೆಚ್ಚುವುದು ಶೇ. 0.74ರಷ್ಟು. ಹಾಗಾಗಿ ಒಂದೆರಡು ಹಂಗಾಮಿನ ನೀರಾವರಿ ಅಧ್ಯಯನಕ್ಕೆ ಕ್ಯಾಲ್ಸೈಟ್ ಕರಗಿ ಸರಂಧ್ರತೆ ಬದಲಾಗುವುದನ್ನು ಸೇರಿಸುವುದು ಬರೀ ಹೊರೆ. ಸಾವಿರಾರು ವರ್ಷಗಳ ಮಣ್ಣಿನ ರಚನೆಯ ಅಧ್ಯಯನವಾದರೆ ಮಾತ್ರ ಅದನ್ನು ಬಿಡುವ ಹಾಗಿಲ್ಲ.

ತುಂಗಭದ್ರಾ ಅಚ್ಚುಕಟ್ಟಿನ ಪ್ರಕರಣ

ಇನ್ನೊಂದು ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕರ್ನಾಟಕದಲ್ಲಿ ಈ ವಿಷಯಕ್ಕೆ ಕೈ ಹಾಕುವವರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿಯೇ. ಗಂಗಾವತಿ, ಸಿರುಗುಪ್ಪ ಭಾಗದ ಸವಳು-ಜವಳು ಭೂಮಿಯಲ್ಲಿ, ಸೋಡಿಯಂ ಏರಿ ಕರಲಾದ ಎರೆ ಮಣ್ಣಿಗೆ ಜಿಪ್ಸಮ್ ಹಾಕುವುದು ಹಳೆಯ ಪದ್ಧತಿ. ಹಾಕಿದ ಮೇಲೆ ನೀರು ಇಂಗುತ್ತದೆ ಎನ್ನುವುದನ್ನು ರೈತರೂ ಬಲ್ಲರು, ಸಂಶೋಧಕರೂ ಅಳೆದಿದ್ದಾರೆ. ಹಾಗಾದರೆ ‘ಜಿಪ್ಸಮ್ ಕರಗಿತು, ಸರಂಧ್ರತೆ ಹೆಚ್ಚಿತು, ನೀರು ಇಳಿಯಿತು’ ಎಂದು ಮಾದರಿ ಕಟ್ಟಬಹುದೇ?

ಹೆಕ್ಟೇರಿಗೆ 5 ಟನ್ ಜಿಪ್ಸಮ್ ಹಾಕಿ ಮೇಲಿನ 15 ಸೆಂ.ಮೀ ಮಣ್ಣಿನಲ್ಲಿ ಬೆರೆಸಿದ್ದೇವೆ. ಚದರ ಮೀಟರಿಗೆ ಬಂದದ್ದು 500 ಗ್ರಾಂ, ಪರಿಮಾಣದಲ್ಲಿ 215 ಘನ ಸೆಂ.ಮೀ. ಅದು ಕೂತಿರುವುದು ಒಂದೂವರೆ ಲಕ್ಷ ಘನ ಸೆಂ.ಮೀ ಮಣ್ಣಿನಲ್ಲಿ. ಅಂದರೆ ಶೇ. 0.144. ಪೂರ್ತಿ ಕರಗಿ ಹೋದರೂ ಸರಂಧ್ರತೆ 0.450 ಇದ್ದದ್ದು 0.4514 ಆಗುತ್ತದೆ. ಇದನ್ನು ಎಲ್ಲರೂ ಬಳಸುವ ಕೋಜೆನಿ-ಕಾರ್ಮನ್ ಸಂಬಂಧಕ್ಕೆ ಹಾಕಿದರೆ ಜಲವಾಹಕತೆ ಹೆಚ್ಚುವುದು ಶೇ. 1.5ರಷ್ಟು. ಹೊಲದಲ್ಲಿ ಒಂದೇ ತಾಕಿನ ಎರಡು ಮೂಲೆಗಳ ನಡುವೆಯೇ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವ್ಯತ್ಯಾಸ ಇರುತ್ತದೆ. ಅಷ್ಟಕ್ಕೂ ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇದ್ದರೆ ಕರಗಿದ ಕ್ಯಾಲ್ಸಿಯಂನಲ್ಲಿ ಒಂದು ಪಾಲು ಕ್ಯಾಲ್ಸೈಟ್ ಆಗಿ ಮತ್ತೆ ಗಟ್ಟಿಯಾಗುತ್ತದೆ. ಒಂದು ಮೋಲ್ ಜಿಪ್ಸಮ್ 74.7 ಘನ ಸೆಂ.ಮೀ ಜಾಗ ಬಿಟ್ಟರೆ ಒಂದು ಮೋಲ್ ಕ್ಯಾಲ್ಸೈಟ್ 36.9 ಘನ ಸೆಂ.ಮೀ ಜಾಗ ಹಿಡಿಯುತ್ತದೆ. ಕ್ಯಾಲ್ಸಿಯಂ ಎಲ್ಲವೂ ಹೀಗೆ ಕೂತರೆ ತೆರವಾದದ್ದರಲ್ಲಿ ಅರ್ಧ ಮತ್ತೆ ತುಂಬಿತು.

ಹಾಗಿದ್ದರೆ ನೀರು ಇಳಿಯುವುದು ಹೇಗೆ? ಕ್ಯಾಲ್ಸಿಯಂ ಬಂದು ಜೇಡಿಯ ಮೇಲಿನ ಸೋಡಿಯಂ ಅನ್ನು ಹೊರಗೆ ಹಾಕುತ್ತದೆ, ನೀರಿನಲ್ಲಿ ಲವಣದ ಸಾಂದ್ರತೆ ಏರುತ್ತದೆ. ಈ ಎರಡೂ ಸೇರಿ ಬಿಡಿಬಿಡಿಯಾಗಿ ಉಬ್ಬಿದ್ದ ಜೇಡಿ ಕಣಗಳು ಮತ್ತೆ ಹೆಪ್ಪುಗಟ್ಟಿ ಉಂಡೆಯಾಗುತ್ತವೆ, ಉಂಡೆಗಳ ನಡುವೆ ದೊಡ್ಡ ರಂಧ್ರಗಳು ತೆರೆಯುತ್ತವೆ. ಒಟ್ಟು ಸರಂಧ್ರತೆ ಅಷ್ಟೇ ಇದ್ದರೂ ರಂಧ್ರಗಳ ಗಾತ್ರ ಬದಲಾಗಿ ಜಲವಾಹಕತೆ ಹಲವು ಪಟ್ಟು ಹೆಚ್ಚಬಹುದು. ನೀರಿನ ಲವಣ ಸಾಂದ್ರತೆ ಒಂದು ಮಿತಿಗಿಂತ ಕೆಳಗಿಳಿದರೆ ಮಣ್ಣಿನ ಪಾರಗಮ್ಯತೆ (ನೀರನ್ನು ಹಾದುಹೋಗಲು ಬಿಡುವ ಗುಣ) ಕುಸಿಯುತ್ತದೆ ಎನ್ನುವುದನ್ನು ಕ್ವಿರ್ಕ್ ಮತ್ತು ಸ್ಕೋಫೀಲ್ಡ್ 1955ರಲ್ಲೇ ತೋರಿಸಿಕೊಟ್ಟರು.

ಪ್ರಯೋಗಾಲಯದಲ್ಲಿ ಮಣ್ಣು ತುಂಬಿದ ಕೊಳವೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಜಿಪ್ಸಮ್ ಬೆರೆಸಿದ ಮಣ್ಣಿಗೆ ಮೇಲಿನಿಂದ ಬಟ್ಟಿ ಇಳಿಸಿದ ನೀರು ಬಿಡುತ್ತ ಹೋಗಿ. ಮೊದಲು ಸೋಡಿಯಂ ಸಲ್ಫೇಟ್ ಹೊತ್ತ ನೀರು ಬರುತ್ತದೆ, ವಿದ್ಯುತ್ ವಾಹಕತೆ ಎತ್ತರದಲ್ಲಿರುತ್ತದೆ. ಸೋಡಿಯಂ ಮುಗಿಯುತ್ತ ಬಂದಂತೆ ಅದು ಇಳಿದು, ಜಿಪ್ಸಮ್ ಇನ್ನೂ ಉಳಿದಿದ್ದರೆ, ಮೀಟರಿಗೆ 2.2 ಡೆಸಿಸೀಮೆನ್ಸ್ ಸುತ್ತಮುತ್ತ ನಿಲ್ಲುತ್ತದೆ. ಅದು ಜಿಪ್ಸಮ್‌ನಿಂದ ಸಂತೃಪ್ತವಾದ ನೀರಿನ ಗುರುತು. ಜಿಪ್ಸಮ್ ತೀರಿದ ಗಳಿಗೆಯಿಂದ ವಿದ್ಯುತ್ ವಾಹಕತೆ ಬೀಳತೊಡಗುತ್ತದೆ. ಜೇಡಿಯಲ್ಲಿ ಇನ್ನೂ ಸಾಕಷ್ಟು ಸೋಡಿಯಂ ಉಳಿದಿದ್ದರೆ ಹೊರಬರುವ ನೀರು ಬಗ್ಗಡವಾಗುತ್ತದೆ, ಹನಿಗಳ ನಡುವಿನ ಅಂತರ ಹೆಚ್ಚುತ್ತದೆ, ಕೆಲವೊಮ್ಮೆ ಹರಿವೇ ನಿಂತುಹೋಗುತ್ತದೆ. ಖನಿಜ ಕರಗಿ ಜಾಗ ತೆರವಾದ ಮೇಲೆ ಹರಿವು ನಿಂತಿತು! ಸರಂಧ್ರತೆಯೊಂದನ್ನೇ ನಂಬಿದ ಮಾದರಿ ಇಲ್ಲಿ ದಿಕ್ಕನ್ನೇ ತಪ್ಪಿ ಹೇಳುತ್ತದೆ. ಎರೆ ಮಣ್ಣಿನ ಜಿಪ್ಸಮ್ ಅಧ್ಯಯನಕ್ಕೆ ಮಾದರಿ ಆರಿಸುವಾಗ ಅಯಾನ್ ವಿನಿಮಯ (ಜೇಡಿಯ ಮೇಲಿನ ಸೋಡಿಯಂ-ಕ್ಯಾಲ್ಸಿಯಂ ಅದಲುಬದಲು) ಮತ್ತು ಲವಣ ಸಾಂದ್ರತೆಗೆ ಜಲವಾಹಕತೆಯನ್ನು ಜೋಡಿಸುವ ಸೌಲಭ್ಯ ಇದೆಯೇ ಎಂದು ಮೊದಲು ನೋಡಬೇಕು. ಖನಿಜದ ಪರಿಮಾಣದ ಲೆಕ್ಕ ಆಮೇಲಿನದು.

ಇದಕ್ಕೆ ತದ್ವಿರುದ್ಧವಾದ ನೆಲ

ಇರಾಕ್ ಮತ್ತು ಸ್ಪೇನಿನ ಎಬ್ರೊ ಕಣಿವೆಯಲ್ಲಿ ಮಣ್ಣಿನ ತೂಕದ ದೊಡ್ಡ ಪಾಲೇ ಜಿಪ್ಸಮ್ ಆಗಿರುವ ನೆಲಗಳಿವೆ. ಶೇ. 30 ಜಿಪ್ಸಮ್ ಇರುವ, ಘನ ಸೆಂ.ಮೀ.ಗೆ 1.5 ಗ್ರಾಂ ತೂಗುವ ಮಣ್ಣನ್ನು ತೆಗೆದುಕೊಳ್ಳಿ. ಅದರ ಪರಿಮಾಣದಲ್ಲಿ ಶೇ. 19ಕ್ಕೂ ಹೆಚ್ಚು ಜಿಪ್ಸಮ್ಮೇ. ಎಲ್ಲ ಕರಗಿ ಹೋಗಿ, ಉಳಿದ ಕಣಗಳು ಇದ್ದಲ್ಲೇ ನಿಂತರೆ ಸರಂಧ್ರತೆ 0.40ರಿಂದ 0.594ಕ್ಕೆ ಏರುತ್ತದೆ. ಇದು ಕಡೆಗಣಿಸುವ ಬದಲಾವಣೆಯಲ್ಲ. ಆದರೆ ಒಂದು ಮೀಟರ್ ಆಳದ ಇಂಥ ಮಣ್ಣಿನಲ್ಲಿ ಚದರ ಮೀಟರಿಗೆ 450 ಕಿಲೋ ಜಿಪ್ಸಮ್ ಇರುತ್ತದೆ. ಅದನ್ನು ಕರಗಿಸಲು ಸುಮಾರು 187 ಮೀಟರ್ ಎತ್ತರದ ನೀರು ಬೇಕು. ಒಣನೆಲದ ಮಳೆಗೆ ಇದು ಬೇಗ ಆಗುವ ಕೆಲಸವಲ್ಲ. ಕಾಲುವೆ ಸೋರಿಕೆ ಅಥವಾ ಜಲಾಶಯದ ಒತ್ತಡ ಇದ್ದಲ್ಲಿ ಆಗುತ್ತದೆ. ಟೈಗ್ರಿಸ್ ನದಿಗೆ 1980ರ ದಶಕದಲ್ಲಿ ಕಟ್ಟಿದ ಮೊಸುಲ್ ಅಣೆಕಟ್ಟಿನ ತಳಪಾಯದಲ್ಲಿ ಜಿಪ್ಸಮ್ ಪದರಗಳಿವೆ. ಅವು ಕರಗುವುದರಿಂದ ಆಗುವ ಟೊಳ್ಳುಗಳಿಗೆ ಸಿಮೆಂಟಿನ ಗ್ರೌಟ್ ತುಂಬುವ ಕೆಲಸ ಕಟ್ಟಿದಂದಿನಿಂದ ಬಿಡುವಿಲ್ಲದೆ ನಡೆಯಬೇಕಾಗಿ ಬಂದಿದೆ. ಅಲ್ಲಿನದು ಬಂಡೆಯ ಪದರವಾದರೂ ಹಿಂದಿನ ರಸಾಯನಶಾಸ್ತ್ರ ಒಂದೇ.

ಸಂಬಂಧ ಯಾವುದು: ಕೋಜೆನಿ-ಕಾರ್ಮನ್, ಘನ ನಿಯಮ, ವರ್ಮಾ-ಪ್ರೂಯೆಸ್

ಮೇಲಿನ ಜಿಪ್ಸಮ್ ನೆಲದ ಸಂಖ್ಯೆಗಳನ್ನೇ ಮೂರು ಸಂಬಂಧಗಳಿಗೆ ಹಾಕಿ ನೋಡೋಣ. ಜಲವಾಹಕತೆ ಸರಂಧ್ರತೆಯ ಘನಕ್ಕೆ ಅನುಪಾತದಲ್ಲಿದೆ ಎನ್ನುವ ಸರಳ ಘನ ನಿಯಮದಲ್ಲಿ ಅದು 3.3 ಪಟ್ಟಾಗುತ್ತದೆ. 1927ರಲ್ಲಿ ಕೋಜೆನಿ ರೂಪಿಸಿ 1937ರಲ್ಲಿ ಕಾರ್ಮನ್ ತಿದ್ದಿದ ಸಂಬಂಧದಲ್ಲಿ ಸುಮಾರು 7 ಪಟ್ಟು. ವರ್ಮಾ ಮತ್ತು ಪ್ರೂಯೆಸ್ 1988ರಲ್ಲಿ ಮುಂದಿಟ್ಟ ಸಂಬಂಧದಲ್ಲಿ ‘ಇಷ್ಟಕ್ಕಿಂತ ಕಡಿಮೆ ಸರಂಧ್ರತೆ ಇದ್ದರೆ ಹರಿವೇ ಇಲ್ಲ’ ಎನ್ನುವ ಒಂದು ಮಿತಿ ಇರುತ್ತದೆ. ಆ ಮಿತಿಯನ್ನು 0.30 ಎಂದೂ ಘಾತವನ್ನು 3 ಎಂದೂ ಇಟ್ಟರೆ 25 ಪಟ್ಟು. ಖನಿಜವೂ ಒಂದೇ, ಸರಂಧ್ರತೆಯೂ ಒಂದೇ, ಉತ್ತರ ಮಾತ್ರ 3ರಿಂದ 25ರವರೆಗೆ. ಸಾಫ್ಟ್‌ವೇರ್ ಬದಲಿಸಿದರೆ ಇಷ್ಟು ವ್ಯತ್ಯಾಸ ಬರುವುದಿಲ್ಲ.

ಕೋಜೆನಿ-ಕಾರ್ಮನ್ ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಗಾತ್ರದ ಕಣಗಳ ರಾಶಿಗೆ. ತೊಳೆದ ಮರಳಿಗೆ, ಕಣಗಳು ಎಲ್ಲ ಕಡೆಯಿಂದ ಸಮನಾಗಿ ಸವೆಯುವಲ್ಲಿಗೆ ಅದು ಒಪ್ಪುತ್ತದೆ. ಜೇಡಿ ಮಣ್ಣಿಗೆ ಒಪ್ಪುವುದಿಲ್ಲ. ಅಲ್ಲಿ ಹರಿವೆಲ್ಲ ಉಂಡೆಗಳ ನಡುವಿನ ಕೆಲವೇ ದೊಡ್ಡ ರಂಧ್ರಗಳಲ್ಲಿ ಆಗುತ್ತದೆ, ಒಟ್ಟು ಸರಂಧ್ರತೆಯ ಬಹುಪಾಲು ನೀರು ಅಲುಗಾಡದ ಸಣ್ಣ ರಂಧ್ರಗಳಲ್ಲಿರುತ್ತದೆ. ಕೊಳವೆಯೊಂದರಲ್ಲಿ ಹರಿಯುವ ನೀರು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಕರಗುವ ಖನಿಜ ದೊಡ್ಡ ರಂಧ್ರದ ಗೋಡೆಯಲ್ಲಿದೆಯೋ ಉಂಡೆಯ ಒಳಗಿದೆಯೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಘಾತ ಸಂಬಂಧವನ್ನು ಪ್ರಯೋಗದ ದತ್ತಾಂಶಕ್ಕೆ ಹೊಂದಿಸಿದವರಿಗೆ 3ರ ಆಸುಪಾಸಿನಿಂದ ಹಿಡಿದು 20 ದಾಟಿದ ಘಾತಗಳೂ ಸಿಕ್ಕಿರುವುದು ಈ ಕಾರಣಕ್ಕೆ.

ನನ್ನ ಅಭಿಪ್ರಾಯ ಇಷ್ಟು. ಮರಳು ಮಣ್ಣಿಗೆ ಕೋಜೆನಿ-ಕಾರ್ಮನ್‌ನಿಂದ ಶುರು ಮಾಡಿ. ಖನಿಜವು ಕಣಗಳ ನಡುವಿನ ಕಿರಿದಾದ ಕುತ್ತಿಗೆಗಳನ್ನು ಮುಚ್ಚುವ ಇಲ್ಲವೇ ತೆರೆಯುವ ಪ್ರಕರಣವಾದರೆ ವರ್ಮಾ-ಪ್ರೂಯೆಸ್ ಹತ್ತಿರದ್ದು. ಆದರೆ ಅದರ ಮಿತಿ ಮತ್ತು ಘಾತವನ್ನು ನಿಮ್ಮದೇ ಮಣ್ಣಿನ ಕೊಳವೆಯಿಂದ ಪಡೆಯಬೇಕು, ಬೇರೆಯವರ ಪ್ರಬಂಧದಿಂದ ಎತ್ತಿಕೊಳ್ಳಬಾರದು. ಜೇಡಿ ಮಣ್ಣಿಗೆ ಇವು ಯಾವುವೂ ಬೇಡ. ಲವಣ ಸಾಂದ್ರತೆ ಮತ್ತು ಜೇಡಿಗೆ ಅಂಟಿರುವ ವಿನಿಮಯ ಸೋಡಿಯಂ ಆಧರಿಸಿ ಜಲವಾಹಕತೆ ತಗ್ಗಿಸುವ, ಮೆಕ್ನೀಲ್ 1968ರಲ್ಲಿ ಕೊಟ್ಟ ಬಗೆಯ ಸಂಬಂಧ ಬೇಕು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಹೊಲದ ಮಣ್ಣು ವರ್ಷದ ಬಹುಕಾಲ ಪೂರ್ತಿ ನೆನೆದಿರುವುದಿಲ್ಲ. ಅಲ್ಲಿನ ಹರಿವನ್ನು ನಡೆಸುವುದು 1931ರ ರಿಚರ್ಡ್ಸ್ ಸಮೀಕರಣ, ಅದಕ್ಕೆ ಬೇಕಾದ ತೇವ-ಹೀರಿಕೆ ರೇಖೆಯನ್ನು (ಎಷ್ಟು ತೇವವಿದ್ದಾಗ ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎನ್ನುವುದನ್ನು) ಸಾಮಾನ್ಯವಾಗಿ 1980ರ ವ್ಯಾನ್ ಗೆನುಕ್ಟನ್ ಸೂತ್ರದಿಂದ ಕೊಡುತ್ತೇವೆ. ಸರಂಧ್ರತೆ ಬದಲಾದರೆ ನೆನೆದ ಸ್ಥಿತಿಯ ಜಲವಾಹಕತೆ ಮಾತ್ರವಲ್ಲ, ಈ ಇಡೀ ರೇಖೆಯೂ ಬದಲಾಗಬೇಕು. ದೊಡ್ಡ ರಂಧ್ರ ತೆರೆದ ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ, ಒಣಗಿದಾಗ ಮೊದಲಿಗಿಂತ ನಿಧಾನವಾಗಿಯೂ ಸಾಗಿಸಬಹುದು. ಲೆವರೆಟ್ ಮಾಪನ ಎಂಬ ವಿಧಾನದಲ್ಲಿ ಸರಂಧ್ರತೆಯನ್ನು ಪಾರಗಮ್ಯತೆಯಿಂದ ಭಾಗಿಸಿ ವರ್ಗಮೂಲ ತೆಗೆದು ಹೀರಿಕೆಯನ್ನು ಹೊಂದಿಸುತ್ತಾರೆ. ನೀವು ಆರಿಸುವ ಸಾಫ್ಟ್‌ವೇರ್ ಇದನ್ನು ಮಾಡುತ್ತದೆಯೇ ಎಂದು ಕೈಪಿಡಿಯಲ್ಲಿ ಹುಡುಕಿ.

ಈಗ ಸಾಫ್ಟ್‌ವೇರ್

ಫ್ರೀಕ್‌ಸಿ (ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಗಾಗಿ ಪಾರ್ಕರ್ಸ್ಟ್ ಮತ್ತು ಅಪೆಲೊ ರೂಪಿಸಿದ್ದು) ಎಲ್ಲರೂ ಕಲಿಯಬೇಕಾದದ್ದು. ಉಚಿತ, ಹಗುರ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಯಾವ ಖನಿಜ ಕರಗಲು ಸಿದ್ಧವಿದೆ, ಯಾವುದು ಕೂರಲು ಸಿದ್ಧವಿದೆ ಎನ್ನುವುದನ್ನು ನೀರಿನ ವಿಶ್ಲೇಷಣೆಯಿಂದ ನಿಮಿಷದಲ್ಲಿ ಹೇಳುತ್ತದೆ. ಒಂದೇ ವೇಗದಲ್ಲಿ ಹರಿಯುವ ಕೊಳವೆ ಪ್ರಯೋಗವನ್ನೂ ಅನುಕರಿಸುತ್ತದೆ. ಆದರೆ ಹರಿವಿನ ವೇಗ ನೀವು ಕೊಟ್ಟದ್ದು, ಅದು ಲೆಕ್ಕ ಹಾಕಿದ್ದಲ್ಲ. ಮಳೆ, ಬಾಷ್ಪೀಭವನ, ಅರೆಒಣಗಿದ ಮಣ್ಣು ಇದರ ವ್ಯಾಪ್ತಿಯಲ್ಲಿಲ್ಲ. ಲವಣ ಬಹಳ ಏರಿದ ಚೌಳು ನೀರಿಗೆ ಮಾಮೂಲಿ ದತ್ತಕೋಶ ಬಿಟ್ಟು ಪಿಟ್ಜರ್ ದತ್ತಕೋಶ ಬಳಸಬೇಕು.

ಹೊಲದ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಹೈಡ್ರಸ್-1ಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್‌ನಲ್ಲಿ ಶಿಮುನೆಕ್ ಮತ್ತು ಜೊತೆಗಾರರು ಬೆಳೆಸಿದ ಇದರಲ್ಲಿ ಮಳೆ, ನೀರಾವರಿ, ಬೇರು ಹೀರುವಿಕೆ ಎಲ್ಲ ಇದೆ, ಒಂದು ಆಯಾಮದ ಆವೃತ್ತಿ ಉಚಿತ. ಇದರೊಳಗೆ ಎರಡು ದಾರಿಗಳಿವೆ, ಅವನ್ನು ಬೆರೆಸಬೇಡಿ. ಮೊದಲನೆಯದು ಅನ್‌ಸ್ಯಾಟ್‌ಕೆಮ್ ಘಟಕ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಲ್ಫೇಟ್ ಮೊದಲಾದ ಪ್ರಮುಖ ಅಯಾನುಗಳು, ಜಿಪ್ಸಮ್, ಕ್ಯಾಲ್ಸೈಟ್, ಮಣ್ಣಿನ ಇಂಗಾಲದ ಡೈಆಕ್ಸೈಡ್ ಉತ್ಪತ್ತಿ ಮತ್ತು ಸಾಗಣೆ ಇವೆ. ಜೊತೆಗೆ ಸೋಡಿಯಂ ಮತ್ತು ರಸಸಾರಕ್ಕೆ ತಕ್ಕಂತೆ ಜಲವಾಹಕತೆ ತಗ್ಗಿಸುವ ಮೆಕ್ನೀಲ್ ಬಗೆಯ ಸಂಬಂಧವೂ ಇದೆ. ಕರಗಿದ ಖನಿಜದ ಪರಿಮಾಣದಿಂದ ಸರಂಧ್ರತೆ ಬದಲಿಸುವುದು ಇದರ ಉದ್ದೇಶವಲ್ಲ. ಆದರೆ ಮೇಲೆ ನೋಡಿದಂತೆ ಗಂಗಾವತಿಯಂಥ ಮಣ್ಣಿಗೆ ಬೇಕಾದದ್ದು ಇದೇ. ಎರಡನೆಯದು ಎಚ್‌ಪಿ1, ಅದರ ಮುಂದಿನ ರೂಪ ಎಚ್‌ಪಿಎಕ್ಸ್. ಬೆಲ್ಜಿಯಂನ ಪರಮಾಣು ಸಂಶೋಧನಾ ಕೇಂದ್ರದ ಯಾಕ್ಸ್ ಮತ್ತು ಶಿಮುನೆಕ್ ಸೇರಿ ಹೈಡ್ರಸ್‌ಗೆ ಫ್ರೀಕ್‌ಸಿಯನ್ನು ಹೊಲಿದದ್ದು. ಫ್ರೀಕ್‌ಸಿಯಲ್ಲಿ ಬರೆಯಬಹುದಾದ ಯಾವುದೇ ರಾಸಾಯನಿಕ ಕ್ರಿಯೆ ಇಲ್ಲಿ ಬರುತ್ತದೆ. ಎಚ್‌ಪಿಎಕ್ಸ್‌ನಲ್ಲಿ ಸರಂಧ್ರತೆ, ಜಲವಾಹಕತೆಗಳನ್ನು ರಾಸಾಯನಿಕ ಸ್ಥಿತಿಗೆ ಜೋಡಿಸುವ ಸೂತ್ರವನ್ನು ನೀವೇ ಬರೆದುಕೊಡಬಹುದು. ಈ ಸ್ವಾತಂತ್ರ್ಯವೇ ಇದರ ಬೆಲೆಯೂ ಹೌದು. ಕಲಿಯಲು ಸಮಯ ಹಿಡಿಯುತ್ತದೆ, ಓಟ ನಿಧಾನ.

ಮಿನ್3ಪಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮೇಯರ್ ಅವರ ಬಳಗದ್ದು. ಅರೆಒಣಗಿದ ಹರಿವಿನ ಜೊತೆ ಅನಿಲಗಳ ಹರಡುವಿಕೆಯನ್ನೂ ಚೆನ್ನಾಗಿ ನಿಭಾಯಿಸುತ್ತದೆ. ಗಣಿ ತ್ಯಾಜ್ಯದ ರಾಶಿಯಲ್ಲಿ ಆಮ್ಲಜನಕ ಒಳಹೊಕ್ಕು ಪೈರೈಟ್ ಉತ್ಕರ್ಷಿಸಿ, ಹುಟ್ಟಿದ ಆಮ್ಲ ಬೇರೆ ಖನಿಜಗಳನ್ನು ಕರಗಿಸುವ ಪ್ರಕರಣಕ್ಕೆ ಇದನ್ನು ಬಿಟ್ಟು ಬೇರೆಡೆ ಹೋಗಬೇಕಿಲ್ಲ. ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಟಫ್‌ರಿಯಾಕ್ಟ್ ಶಾಖ, ಆವಿ, ನೀರು ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಘನ ನಿಯಮ, ವರ್ಮಾ-ಪ್ರೂಯೆಸ್, ಲೆವರೆಟ್ ಮಾಪನ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಆದರೆ ಪರವಾನಗಿ ಪಡೆಯಬೇಕು, ಮೇಲಾಗಿ ಅದರ ಮನಸ್ಸು ಇರುವುದು ಆಳದ ಬಂಡೆ, ಭೂಶಾಖ, ಪರಮಾಣು ತ್ಯಾಜ್ಯದ ಕಡೆಗೆ. ಬೆಳೆ ಇರುವ ಹೊಲಕ್ಕೆ ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಅದೇ ಪ್ರಯೋಗಾಲಯದ ಸ್ಟೀಫೆಲ್ ಬರೆದ ಕ್ರಂಚ್‌ಫ್ಲೋ ಮುಕ್ತ ತಂತ್ರಾಂಶ, ದೀರ್ಘಕಾಲದ ಶಿಲಾಕ್ಷಯದ ಅಧ್ಯಯನಕ್ಕೆ ಅತ್ಯುತ್ತಮ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬಳಿಯ ಬೇರೆ ಬೇರೆ ವಯಸ್ಸಿನ ಮಣ್ಣುಗಳಲ್ಲಿ ಖನಿಜಗಳು ಕರಗಿದ ವೇಗವನ್ನು ಮಾಹರ್ ಮತ್ತು ಜೊತೆಗಾರರು 2009ರಲ್ಲಿ ವಿವರಿಸಿದ್ದು ಇದನ್ನು ಬಳಸಿಯೇ. ಕರಾವಳಿಯ ಜಂಬಿಟ್ಟಿಗೆ ಹೇಗೆ ಸಿಲಿಕಾ ಕಳೆದುಕೊಂಡು ತೂತು ತೂತಾಯಿತು ಎನ್ನುವ ಪ್ರಶ್ನೆಗೆ ಮಾದರಿ ಕಟ್ಟಬೇಕೆಂದಿರುವವರು ಇಲ್ಲಿಂದ ಶುರು ಮಾಡಲಿ. ಯಾರಾದರೂ ಅದನ್ನು ಮಾಡಬೇಕೆಂದು ನನಗೆ ಬಹಳ ಆಸೆ. ಪಿಫ್ಲೋಟ್ರಾನ್ ಮುಕ್ತ ತಂತ್ರಾಂಶವೇ ಆದರೂ ಸಾವಿರಾರು ಪ್ರೊಸೆಸರ್‌ಗಳ ಮೇಲೆ ಓಡಿಸುವ ಮೂರು ಆಯಾಮದ ದೊಡ್ಡ ಕೆಲಸಕ್ಕೆ ಮೀಸಲು.

ರಂಧ್ರದೊಳಗಿನ ಹರಿವನ್ನೇ ನೇರವಾಗಿ ಲೆಕ್ಕ ಹಾಕುವ ಜಿಯೋಕೆಮ್‌ಫೋಮ್‌ನಂಥವು ಬೇರೆಯದೇ ಜಾತಿ. ಮಣ್ಣಿನ ಸಣ್ಣ ತುಣುಕಿನ ಸಿ.ಟಿ. ಚಿತ್ರ ತೆಗೆದು, ಅದರಲ್ಲಿ ಕಾಣುವ ಪ್ರತಿ ರಂಧ್ರದಲ್ಲೂ ನೀರು ಹರಿಸಿ, ಗೋಡೆಗಳು ಸವೆಯುವುದನ್ನು ತೋರಿಸುತ್ತವೆ. ಮರಳು ಮತ್ತು ಸುಣ್ಣಕಲ್ಲಿಗೆ ಘಾತದ ಮೌಲ್ಯ ಹುಡುಕಿಕೊಳ್ಳಲು ಉಪಯುಕ್ತ. ಎರೆ ಮಣ್ಣಿನ ಜೇಡಿ ಪದರಗಳ ನಡುವಿನ ಸಂದುಗಳು ಆ ಚಿತ್ರಕ್ಕೆ ಸಿಗುವುದೇ ಇಲ್ಲ, ಆದ್ದರಿಂದ ಅಲ್ಲಿ ಅದರ ಮಾತು ನಂಬಬೇಡಿ.

ಒಂದು ಆಯಾಮ ಸಾಕೇ?

ಸಮನಾಗಿ ಬೆರೆಸಿದ ಜಿಪ್ಸಮ್, ಸಮತಟ್ಟಾದ ತಾಕು, ಮೇಲಿನಿಂದ ನಿಂತ ನೀರು: ಒಂದು ಆಯಾಮ ಸಾಕು. ಆದರೆ ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆ ಹೊಲದಲ್ಲಿ ಮೊದಲ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ, ಮೇಲಿನ ಪದರದ ಜಿಪ್ಸಮ್ ಅದಕ್ಕೆ ಸಿಗುವುದೇ ಇಲ್ಲ. ಹೈಡ್ರಸ್‌ನಲ್ಲಿ ಬಿರುಕು ಮತ್ತು ಮಣ್ಣಿನ ಉಂಡೆಯನ್ನು ಎರಡು ಬೇರೆ ಹರಿವುಗಳಾಗಿ ನಡೆಸುವ ಸೌಲಭ್ಯ ಇದೆ, ಅದನ್ನು ಬಳಸಬೇಕು.

ಇನ್ನು ಕಾಲುವೆ ಕೆಳಗಿನ ಜಿಪ್ಸಮ್ ನೆಲಕ್ಕೆ ಬಂದರೆ ಒಂದು ಆಯಾಮ ಅಪಾಯಕಾರಿ. ಕರಗುವ ವೇಗ ಹರಿವಿನ ವೇಗಕ್ಕೆ ಹೋಲಿಸಿದರೆ ತೀರ ಕಡಿಮೆ ಇದ್ದಲ್ಲಿ ಖನಿಜ ಎಲ್ಲೆಡೆ ಸಮನಾಗಿ ಸವೆಯುತ್ತದೆ. ಕರಗುವುದು ತೀರ ವೇಗವಾಗಿ, ಹರಿವು ನಿಧಾನವಾಗಿ ಇದ್ದರೆ ಒಳಬರುವ ಕಡೆಯಿಂದ ಗೋಡೆಯಂತೆ ಮುಂದೆ ಸಾಗುತ್ತದೆ. ಇವೆರಡರ ನಡುವೆ ಒಂದು ಪಟ್ಟಿಯಿದೆ. ಅಲ್ಲಿ ತುಸು ಹೆಚ್ಚು ನೀರು ಹರಿದ ಜಾಗವೇ ಮತ್ತಷ್ಟು ಅಗಲವಾಗಿ ಹುಳು ಕೊರೆದಂಥ ಬಿಲಗಳಾಗುತ್ತವೆ. ಹಾಗಾದಾಗ ಸರಾಸರಿ ಸರಂಧ್ರತೆ ಅಷ್ಟೇನೂ ಬದಲಾಗಿರುವುದಿಲ್ಲ, ಹರಿವು ಮಾತ್ರ ನೂರಾರು ಪಟ್ಟು ಹೆಚ್ಚಿರಬಹುದು. ಈ ಪಟ್ಟಿಯಲ್ಲಿದ್ದೀರೋ ಇಲ್ಲವೋ ಎನ್ನುವುದನ್ನು ಹರಿವು, ಹರಡುವಿಕೆ, ಕರಗುವಿಕೆಗಳ ವೇಗವನ್ನು ಒಂದಕ್ಕೊಂದು ಹೋಲಿಸುವ ಪೆಕ್ಲೆ ಮತ್ತು ಡಾಮ್‌ಕೋಲರ್ ಸಂಖ್ಯೆಗಳಿಂದ ಮೊದಲೇ ಅಂದಾಜು ಮಾಡಬಹುದು. ಇದ್ದರೆ ಎರಡು ಆಯಾಮಕ್ಕಿಂತ ಕಡಿಮೆ ಬೇಡ. ಆರಂಭದ ಸರಂಧ್ರತೆಯಲ್ಲಿ ಸಣ್ಣ ಏರುಪೇರುಗಳನ್ನೂ ಕೊಡಬೇಕು, ಲೆಕ್ಕಕ್ಕಾಗಿ ನೆಲವನ್ನು ವಿಂಗಡಿಸಿದ ಎಲ್ಲ ಚೌಕಕ್ಕೂ ಒಂದೇ ಮೌಲ್ಯ ಕೊಟ್ಟರೆ ಬಿಲ ಹುಟ್ಟುವುದೇ ಇಲ್ಲ. ಗ್ರಿಡ್ ಚೌಕದ ಗಾತ್ರ ಅರ್ಧ ಮಾಡಿ ಮತ್ತೆ ಓಡಿಸಿ, ಬಿಲದ ಅಗಲ ಚೌಕದ ಅಗಲವನ್ನೇ ಹಿಂಬಾಲಿಸಿದರೆ ಆ ಫಲಿತಾಂಶ ಗ್ರಿಡ್‌ನದು, ಮಣ್ಣಿನದಲ್ಲ.

ಅಂಥ ನೆಲಕ್ಕೆ ಇನ್ನೊಂದು ತೊಡಕಿದೆ. ಮೇಲೆ ಹೇಳಿದ ಸಾಫ್ಟ್‌ವೇರ್‌ಗಳನ್ನು ಮಾಮೂಲಿಯಾಗಿ ಓಡಿಸುವಾಗ ಮಣ್ಣಿನ ಅಸ್ಥಿಪಂಜರ ಕದಲುವುದಿಲ್ಲವೆಂದು ಹಿಡಿಯುತ್ತೇವೆ. ಜಿಪ್ಸಮ್ ಕಣಗಳನ್ನು ಅಂಟಿಸಿ ಹಿಡಿದಿದ್ದರೆ, ಅದು ಕರಗಿದೊಡನೆ ನೆಲ ಕುಸಿದು ಸರಂಧ್ರತೆ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಮೊದಲು ಈಡೋಮೀಟರಿನಲ್ಲಿ (ಭಾರಕ್ಕೆ ಮಣ್ಣು ಕುಗ್ಗುವುದನ್ನು ಅಳೆಯುವ ಉಪಕರಣ) ಭಾರ ಹೇರಿ, ನೀರು ಬಿಟ್ಟು, ಕುಸಿತ ಅಳೆಯಿರಿ. ಕುಸಿತ ಗಣನೀಯವಾಗಿದ್ದರೆ ಯಾಂತ್ರಿಕ ಒತ್ತಡವನ್ನೂ ಸೇರಿಸುವ, ಲೈಪ್‌ಜಿಗ್‌ನಲ್ಲಿ ಬೆಳೆಸಿದ ಓಪನ್‌ಜಿಯೋಸಿಸ್ ಬಗೆಯ ಮುಕ್ತ ತಂತ್ರಾಂಶದ ಕಡೆ ಹೋಗಬೇಕು.

ಸಮತೋಲನವೋ ವೇಗವೋ

ಖನಿಜ ನೀರಿನೊಂದಿಗೆ ಯಾವಾಗಲೂ ಸಮತೋಲನದಲ್ಲಿದೆ ಎಂದು ಹಿಡಿಯಬೇಕೋ, ಕರಗುವ ವೇಗದ ಸೂತ್ರ ಕೊಡಬೇಕೋ? ಸಿಲಿಕೇಟುಗಳಿಗೆ ವೇಗದ ಸೂತ್ರವೇ ಬೇಕು. ಪ್ರಯೋಗಾಲಯದಲ್ಲಿ ಅಳೆದ ವೇಗಕ್ಕಿಂತ ನೆಲದಲ್ಲಿ ಕಂಡ ವೇಗ ನೂರಾರು, ಸಾವಿರಾರು ಪಟ್ಟು ಕಡಿಮೆ ಇರುವುದು ಚೆನ್ನಾಗಿ ದಾಖಲಾದ ಸಂಗತಿ, ಅದಕ್ಕೆ ಸಿದ್ಧವಾಗಿರಿ. ಜಿಪ್ಸಮ್‌ಗೆ ಒಂದು ಸುಲಭದ ಪರೀಕ್ಷೆ ಇದೆ. ಕೊಳವೆಯನ್ನು ಒಮ್ಮೆ ನಿಧಾನ, ಒಮ್ಮೆ ಮೂರು ಪಟ್ಟು ವೇಗದಲ್ಲಿ ನಡೆಸಿ, ಹೊರಬಂದ ನೀರಿನ ಕ್ಯಾಲ್ಸಿಯಂ, ಸಲ್ಫೇಟ್ ಅಳೆದು ಫ್ರೀಕ್‌ಸಿಯಲ್ಲಿ ಸಂತೃಪ್ತಿ ಸೂಚ್ಯಂಕ (ನೀರು ಆ ಖನಿಜದಿಂದ ಎಷ್ಟು ಸಂತೃಪ್ತವಾಗಿದೆ ಎನ್ನುವ ಅಳತೆ) ನೋಡಿ. ಎರಡರಲ್ಲೂ ಸೊನ್ನೆಯ ಹತ್ತಿರ ಬಂದರೆ ಸಮತೋಲನ ಸಾಕು. ವೇಗ ಹೆಚ್ಚಿದಾಗ ಸೂಚ್ಯಂಕ ಕೆಳಗಿಳಿದರೆ ಪುಡಿಯ ಗಾತ್ರ, ಮೇಲ್ಮೈ ವಿಸ್ತೀರ್ಣ ಎಲ್ಲವನ್ನೂ ತರಬೇಕಾಗುತ್ತದೆ.

ಏಕಮಾನಗಳ ವಿಚಾರದಲ್ಲಿ ಒಂದು ಎಚ್ಚರಿಕೆ. ನಮ್ಮ 5 ಟನ್ ಉದಾಹರಣೆಯ ಜಿಪ್ಸಮ್ ಮಣ್ಣಿನ ಲೀಟರಿಗೆ 0.0194 ಮೋಲ್. ಅದೇ ಪೂರ್ತಿ ನೆನೆದ ಮಣ್ಣಿನ ನೀರಿನ ಲೀಟರಿಗೆ 0.043 ಮೋಲ್, ತೇವ 0.30ಕ್ಕೆ ಇಳಿದಾಗ 0.065 ಮೋಲ್. ಕೆಲವು ಸಾಫ್ಟ್‌ವೇರ್ ಮಣ್ಣಿನ ಪರಿಮಾಣಕ್ಕೆ ಕೇಳುತ್ತವೆ, ಕೆಲವು ನೀರಿನ ಕಿಲೋಗೆ, ಕೆಲವು ಪರಿಮಾಣದ ಪಾಲಿನಲ್ಲಿ. ಇಲ್ಲಿ ಎಡವಿದರೆ ಜಿಪ್ಸಮ್ ತೀರುವ ದಿನವೇ ಎರಡು ಮೂರು ಪಟ್ಟು ಹಿಂದೆ ಮುಂದೆ ಆಗುತ್ತದೆ. ತಾಳೆ ನೋಡಲು ಇನ್ನೊಂದು ಲೆಕ್ಕ: ಅಯಾನ್ ವಿನಿಮಯವಿಲ್ಲದೆ ಓಡಿಸಿದರೆ ಈ ಜಿಪ್ಸಮ್ ತೀರಲು ಸುಮಾರು 208 ಮಿ.ಮೀ ನೀರು, ಅಂದರೆ ಆ ಪದರದ ರಂಧ್ರಗಳನ್ನು ಮೂರು ಸಲ ತುಂಬುವಷ್ಟು ನೀರು ಬೇಕು. ನಿಮ್ಮ ಮಾದರಿ ಇದರ ಹತ್ತಿರ ಬರದಿದ್ದರೆ ಮುಂದೆ ಹೋಗಬೇಡಿ. ವಿನಿಮಯ ಸೇರಿಸಿದ ಮೇಲೆ ಜೇಡಿ ಕ್ಯಾಲ್ಸಿಯಂ ಹೀರಿಕೊಳ್ಳುವುದರಿಂದ ಇದಕ್ಕಿಂತ ಕಡಿಮೆ ನೀರಿನಲ್ಲೇ ಜಿಪ್ಸಮ್ ತೀರುತ್ತದೆ, ಅದು ಸರಿಯಾದ ದಿಕ್ಕು.

ಕೈಯಲ್ಲಿರುವ ಸಮಯಕ್ಕೆ ತಕ್ಕ ಆಯ್ಕೆ

ಒಂದು ವರ್ಷದ ಸ್ನಾತಕೋತ್ತರ ಪ್ರಬಂಧ, ವಿಷಯ ಕರಲು ಮಣ್ಣು ಮತ್ತು ಜಿಪ್ಸಮ್ ಎಂದಾದರೆ ಹೈಡ್ರಸ್-1ಡಿಯ ಅನ್‌ಸ್ಯಾಟ್‌ಕೆಮ್ ಹಿಡಿಯಿರಿ, ಜೊತೆಗೆ ನೀರಿನ ವಿಶ್ಲೇಷಣೆಗೆ ಫ್ರೀಕ್‌ಸಿ. ಮೂರು ನಾಲ್ಕು ವರ್ಷ ಇದ್ದು, ಬಸಿಗಾಲುವೆ, ಕ್ಯಾಲ್ಸೈಟ್ ಕೂರುವಿಕೆ, ಸಾವಯವ ಆಮ್ಲಗಳೂ ಬೇಕೆಂದರೆ ಎಚ್‌ಪಿಎಕ್ಸ್. ಮರಳು ಮಿಶ್ರಿತ ನೆಲದಲ್ಲಿ ಸುಣ್ಣ ಅಥವಾ ಜಿಪ್ಸಮ್ ಕರಗಿ ಸೋರಿಕೆ ಹೆಚ್ಚುವ ಪ್ರಶ್ನೆಯಾದರೆ ಎರಡು ಆಯಾಮದಲ್ಲಿ ಕ್ರಂಚ್‌ಫ್ಲೋ ಅಥವಾ ಮಿನ್3ಪಿ. ಪ್ರೋಗ್ರಾಮಿಂಗ್ ಬಲ್ಲವರು ಇವಕ್ಕೆಲ್ಲ ಮೊದಲು ಪೈಥಾನ್‌ನಲ್ಲಿ ಫ್ರೀಕ್‌ಸಿಯನ್ನು ಕರೆದು ಇಪ್ಪತ್ತು ಚೌಕದ ಒಂದು ಪುಟ್ಟ ಮಾದರಿ ತಾವೇ ಬರೆಯಲಿ. ಪ್ರತಿ ಹೆಜ್ಜೆಗೂ ಸರಂಧ್ರತೆ ತಿದ್ದುವ ಅಗತ್ಯವಿಲ್ಲ ಎನ್ನುವುದು ಆಗ ತಾನಾಗಿ ಅರಿವಾಗುತ್ತದೆ. ಖನಿಜ ಸವೆಯುವುದು ನೀರು ಹರಿಯುವುದಕ್ಕಿಂತ ಎಷ್ಟೋ ನಿಧಾನ, ಹಲವು ಹೆಜ್ಜೆಗಳಿಗೊಮ್ಮೆ ತಿದ್ದಿದರೂ ಉತ್ತರ ಬದಲಾಗದು, ಕಂಪ್ಯೂಟರ್ ಸಮಯ ಬಹಳ ಉಳಿಯುತ್ತದೆ.

ಯಾವುದನ್ನೇ ಆರಿಸಿ, ಸರಂಧ್ರತೆ ಬದಲಾಗುವುದನ್ನು ಸೇರಿಸಿ ಒಂದು ಓಟ, ಸೇರಿಸದೆ ಒಂದು ಓಟ ಪಕ್ಕಪಕ್ಕ ಇಟ್ಟು ತೋರಿಸಿ. ಎರಡೂ ರೇಖೆಗಳು ಒಂದರ ಮೇಲೊಂದು ಕೂತರೆ ಆ ಸೌಲಭ್ಯವನ್ನು ಕೈಬಿಟ್ಟು, ಉಳಿದ ಸಮಯವನ್ನು ಹೊಲಕ್ಕೆ ಕೊಡಿ. ಜೋಡಿ ಉಂಗುರದ ಇನ್‌ಫಿಲ್ಟ್ರೋಮೀಟರಿನಿಂದ ಜಿಪ್ಸಮ್ ಹಾಕುವ ಮೊದಲು ಒಮ್ಮೆ, ಕಾಲುವೆ ನೀರು ಬಿಟ್ಟು ಬಸಿದ ಮೇಲೆ ಒಮ್ಮೆ, ಒಳ್ಳೆಯ ಮಳೆಯಾಗಿ ಮಣ್ಣಿನ ಲವಣ ತೊಳೆದುಹೋದ ಮೇಲೆ ಮತ್ತೊಮ್ಮೆ ಇಂಗುವಿಕೆ ಅಳೆಯಿರಿ. ಮೂರನೆಯ ಅಳತೆಯನ್ನು ಬಹುಪಾಲು ಅಧ್ಯಯನಗಳು ಬಿಟ್ಟುಬಿಡುತ್ತವೆ. ಮಾದರಿ ಸರಿಯೋ ತಪ್ಪೋ ಗೊತ್ತಾಗುವುದು ಅಲ್ಲಿಯೇ, ಏಕೆಂದರೆ ಮಳೆನೀರಿನಲ್ಲಿ ಲವಣವಿಲ್ಲ, ಜೇಡಿ ಮತ್ತೆ ಬಿಡಿಯಾಗಲು ಅದೇ ಹೊತ್ತು.